ಹನ್ನೊಂದು ರಾಖಿ, ಒಂದು ಬಚ್ಚಲ ಬಾಗಿಲು

ಜಹೀರಾಬಾದಿನಲ್ಲಿ ಬಾಡಿಗೆ ಮನೆ ಬೇಕಾದವರು ಮೊದಲು ಸುಗಲಾಬಾಯಿಯ ಒಲೆಯ ಮುಂದೆ ಬಂದು ಕೂರುತ್ತಾರೆ. ಬೀದರ್ ರಸ್ತೆಗೆ ಹತ್ತಿದ ಓಣಿಯಲ್ಲಿ ಎರಡು ಕೋಣೆ, ಹಿಂದೊಂದು ಬಚ್ಚಲು, ಮುಂದೆ ತಗಡಿನ ಕೆಳಗೆ ಜೋಡಿ ಒಲೆ. ಅಲ್ಲಿ ಆಕೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ರೊಟ್ಟಿಯ ಒಂದು ಮಗ್ಗುಲು ಬೇಯುವಷ್ಟರಲ್ಲಿ ಯಾವ ಮನೆ ಖಾಲಿ ಇದೆ ಎಂದು ಹೇಳುತ್ತಾಳೆ, ಇನ್ನೊಂದು ಮಗ್ಗುಲು ಬೇಯುವಷ್ಟರಲ್ಲಿ ಆ ಮನೆಯ ಮಾಲಕನ ಗುಣ ಹೇಳುತ್ತಾಳೆ.

"ಅಲ್ಲಿ ನೀರು ಭರಪೂರ ಅದ. ಆದ್ರ ಮಾಲಕನ ಹೇಣ್ತಿ ನಿಮ್ಮ ಮನೀಗಿ ಬಂದೋರ ಚಪ್ಪಲಿ ಎಣಸ್ತಾಳ."

"ಆ ಮನಿ ಬ್ಯಾಡ್ರಿ. ಗ್ವಾಡಿ ಹಸೀ ಅದ, ಮಾಲಕ ಒಣಾ ಅದಾನ."

ಕೊನೆಗೆ ಎಲ್ಲರಿಗೂ ಒಂದೇ ಉಪದೇಶ: "ಕಾಗದ ಮಾಡ್ಕೋರಿ. ಬಾಯಿಮಾತು ಗಾಳಿಗಿ ಹೋಗ್ತದ."

ಇಷ್ಟು ಹೇಳುವ ಸುಗಲಾಬಾಯಿಯ ಬಳಿ ತನ್ನ ಮನೆಯ ಕಾಗದ ಮಾತ್ರ ಇರಲಿಲ್ಲ. ಬದಲಿಗೆ ಇದ್ದದ್ದು ತಮ್ಮ.

ನ್ಯಾಲ್ಕಲ್ ಕಡೆಯ ಹಳ್ಳಿಯಿಂದ ಗಂಡ ಸತ್ತ ವರ್ಷ ಪಟ್ಟಣಕ್ಕೆ ಬಂದವಳು ಐದು ಮನೆ ಬದಲಿಸಿ ಆರನೆಯದಾಗಿ ಕಾಶಿನಾಥನ ಈ ಮನೆಗೆ ಬಂದಳು. ಈ ಮನೆಗೆ ಬಂದ ವರ್ಷವೇ ರಾಖಿ ಹುಣ್ಣಿಮೆಯ ದಿನ ಕಾಶಿನಾಥ ಬರಿಗೈಯಲ್ಲಿ ಓಡಾಡುವುದನ್ನು ಕಂಡಳು. ಅವನಿಗೆ ಅಕ್ಕತಂಗಿಯರಿಲ್ಲ. ಹಿಟ್ಟಿನ ಕೈಯಲ್ಲೇ ಒಂದು ದಾರ ಕಟ್ಟಿದಳು. ಅವನ ಕಣ್ಣು ತುಂಬಿದವು. ಕಣ್ಣು ಒರೆಸಿಕೊಂಡ ಕೈಯಿಂದಲೇ ಮೊಬೈಲು ತೆಗೆದು ಫೋಟೊ ಹೊಡೆದುಕೊಂಡ. ಅಂದಿನಿಂದ ಹನ್ನೊಂದು ವರ್ಷ, ಹನ್ನೊಂದು ರಾಖಿ. ಒಂದು ವರ್ಷವೂ ತಪ್ಪಲಿಲ್ಲ, ಫೋಟೊ ಕೂಡ ತಪ್ಪಲಿಲ್ಲ.

"ಅಕ್ಕ-ತಮ್ಮನ ನಡುವ ಬಾಂಡ್ ಪೇಪರ್ ಏನಕ್ಕಾ?" ಎಂದು ಮೊದಲೇ ಅಂದವನು ಕಾಶಿನಾಥ. "ಹೌದಲ್ಲ" ಎಂದು ಹಿಗ್ಗಿದವಳು ಸುಗಲಾಬಾಯಿ.

ನಮ್ಮ ಕಡೆಯ ರೋಗವೇ ಇದು. ಬಾಡಿಗೆಗೆ ಹೋದ ಮೂರನೆಯ ತಿಂಗಳಿಗೆ ಮಾಲಕ ಅಣ್ಣನೋ ತಮ್ಮನೋ ಆಗುತ್ತಾನೆ, ಅವನ ಹೆಂಡತಿ ವೈನಿಯಾಗುತ್ತಾಳೆ, ಹಬ್ಬಕ್ಕೆ ಹೋಳಿಗೆ ಆ ಕಡೆ ಹೋಗುತ್ತದೆ, ಹುಗ್ಗಿ ಈ ಕಡೆ ಬರುತ್ತದೆ. ಸಂಬಂಧ ಕೂಡಿದ ಮೇಲೆ ಹಕ್ಕಿನ ಮಾತೆತ್ತಿದರೆ ಅದು ಸೊಕ್ಕು. ಆದರೆ ಈ ಸಂಬಂಧ ಎಲ್ಲಿಯವರೆಗೆ ಎಂದು ಗೊತ್ತುಮಾಡುವವನು ಯಾವಾಗಲೂ ಬೀಗದ ಕೈ ಇಟ್ಟುಕೊಂಡವನೇ.

ಈ ವರ್ಷ ಊರ ಹೊರಗಿನ ಕಾರ್ಖಾನೆಗಳಿಗೆ ದುಡಿಯಲು ಹೊರರಾಜ್ಯದ ಹುಡುಗರು ಬಂದರು. ಕೋಣೆಗಲ್ಲ, ಮಂಚಕ್ಕೆ ಇಷ್ಟು ಎಂದು ಬಾಡಿಗೆ ಶುರುವಾಯಿತು. ಅಂದಿನಿಂದ ಕಾಶಿನಾಥನಿಗೆ ಅಕ್ಕನ ಮನೆಯಲ್ಲಿ ಅಕ್ಕ ಕಾಣಿಸದೆ ಆರು ಮಂಚ ಕಾಣಿಸತೊಡಗಿದವು. ಆದರೆ ಅವನು ಮರ್ಯಾದಸ್ಥ. ಬಿಡು ಎಂದು ಬಾಯಿಬಿಟ್ಟು ಹೇಳುವವನಲ್ಲ. ಒಂದು ಸಂಜೆ ಬಂದು ಚಹಾ ಕುಡಿದು ಗೋಡೆ ನೋಡಿದ.

"ಮನಿ ಭಾಳ ಹಳೀದಾತು ಅಕ್ಕಾ."

"ನಾನೂ ಹಳೇಕೀನೇ ಆಗೀನಿ ತಮ್ಮಾ. ಇಬ್ರೂ ಕೂಡೇ ಇರ್ತೀವಿ ಬಿಡು."

ಮುಂದಿನ ವಾರ ಮತ್ತೆ ಬಂದ. "ನಿಮ್ಮೂರ ಕಡೆ ಹವಾ ಚೊಲೋ ಅದ ಅಂತಾರ."

"ಅದ. ಆದ್ರ ಅಲ್ಲಿ ಎಲ್ಲಾರೂ ತಮ್ಮ ರೊಟ್ಟಿ ತಾವೇ ಬಡಕೋತಾರ. ನಾ ಬಡದದ್ದು ಯಾರು ಕೊಳ್ತಾರ? ನನ್ನ ಗಿರಾಕಿ ಇರೋದು ಈ ಒಲಿ ಮುಂದ."

ಮೂರನೆಯ ವಾರ ಕಾಶಿನಾಥ ಪೇಚುಕಸ್ ಹಿಡಿದು ಬಂದು ಬಚ್ಚಲ ಬಾಗಿಲಿನ ತಿರುಪು ಬಿಚ್ಚಿ ಬಾಗಿಲನ್ನು ಹೆಗಲ ಮೇಲೆ ಹೊತ್ತುಕೊಂಡ.

"ರಿಪೇರಿ ಅಕ್ಕಾ. ಎರಡೇ ದಿನ."

ಎರಡು ದಿನ ನಲವತ್ತಾದವು. ಬಾಗಿಲು ಕಾಶಿನಾಥನ ಅಂಗಳದಲ್ಲಿ ಅವನ ಮೋಟರ್ ಸೈಕಲ್ಲಿಗೆ ಮಳೆಯ ಮರೆಯಾಗಿ ಸುಖವಾಗಿತ್ತು. ಇತ್ತ ಐವತ್ತೆಂಟು ವರ್ಷದ ಹೆಂಗಸು ಬಚ್ಚಲಿಗೆ ಹಳೆ ಸೀರೆ ಕಟ್ಟಿ, ಓಣಿ ಏಳುವ ಮೊದಲೇ ಎದ್ದು, ಗಾಳಿ ಬಂದಾಗ ಒಂದು ಕೈಯಲ್ಲಿ ಸೆರಗಿನಂತೆ ಆ ಸೀರೆ ಹಿಡಿದು ಇನ್ನೊಂದು ಕೈಯಲ್ಲಿ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ಇದನ್ನು ಕೇಳಿ ನಗುವವರು ನಗಬಹುದು. ಹೊಡೆದಿಲ್ಲ, ಬೈದಿಲ್ಲ, ಸಾಮಾನು ಬೀದಿಗೆ ಎಸೆದಿಲ್ಲ. ಬರೀ ಒಂದು ಬಾಗಿಲು ತಾನೇ? ಹೆಂಗಸನ್ನು ಮನೆ ಬಿಡಿಸಲು ಅಷ್ಟು ಸಾಕು ಎಂದು ಮರ್ಯಾದಸ್ಥರಿಗೆ ಚೆನ್ನಾಗಿ ಗೊತ್ತು.

ಸುಗಲಾಬಾಯಿ ಯಾರಿಗೂ ಹೇಳಲಿಲ್ಲ. ಊರಿನ ಮಾಲಕರ ಜಾತಕವೆಲ್ಲ ಓದುವವಳು ತನ್ನ ಮಾಲಕನನ್ನೇ ಓದಲಿಲ್ಲ ಎಂದರೆ ನಾಳೆ ಆಕೆಯ ಮಾತು ಯಾರು ಕೇಳುತ್ತಾರೆ?

ಸಿಕ್ಕಿಹಾಕಿಕೊಂಡದ್ದು ಭಾಗ್ಯಳ ಕೈಗೆ. ಭಾಗ್ಯ ದವಾಖಾನೆಯ ನರ್ಸು. ಅವಳಿಗೆ ಮನೆ ಹುಡುಕಿಕೊಟ್ಟವಳು ಸುಗಲಾಬಾಯಿಯೇ. ರೊಟ್ಟಿಗೆ ಬಂದವಳು ಕೈ ತೊಳೆಯಲು ಹಿಂದೆ ಹೋಗಿ, ಅದೇ ಹೆಜ್ಜೆಯಲ್ಲಿ ತಿರುಗಿ ಬಂದಳು.

"ಅತ್ತೀ, ಬಚ್ಚಲದ ಬಾಗಲ ಎಲ್ಲದರಿ?"

"ರಿಪೇರಿಗಿ ಹೋಗ್ಯದ. ಎರಡು ದಿನ ಅಂದಾನ ತಮ್ಮ."

"ಎಂದು ಅಂದಾನ?"

ಸುಗಲಾಬಾಯಿ ಹೆಂಚಿನ ಕಡೆ ತಿರುಗಿದಳು. ರೊಟ್ಟಿ ಕರ್ರಗಾಗಿ ಹೊಗೆಯೆದ್ದಿತ್ತು. ಹನ್ನೊಂದು ವರ್ಷದಲ್ಲಿ ಆ ಒಲೆಯ ಮೇಲೆ ರೊಟ್ಟಿ ಸುಟ್ಟದ್ದು ಅದೇ ಮೊದಲು.

"ಕಾಗದ ಮಾಡ್ಕೋ ಅಂತ ನನಗ ಮೂರು ಸಲ ಬೈದ್ರಿ. ನಿಮ್ಮ ಕಾಗದ ಎಲ್ಲದ?"

"ಅವನ ಕೈಗಿ ಕಟ್ಟೀನಲ್ಲ" ಎಂದಳು ಸುಗಲಾಬಾಯಿ, ಸಣ್ಣ ದನಿಯಲ್ಲಿ.

ಮರುದಿನ ಇಬ್ಬರೂ ಹೊರಟರು. ಮೊದಲು ಹೋದ ಕಚೇರಿಯ ಹೆಸರು ಬೇಡ. ಮನೆ ತೆರಿಗೆಯ ರಸೀದಿ ತನ್ನಿ ಎಂದರು. ಅದು ಮಾಲಕನ ಬಳಿ. ಎರಡನೆಯ ಕಡೆ ಕರಾರು ಪತ್ರ ತನ್ನಿ ಎಂದರು. ಅದು ಯಾರ ಬಳಿಯೂ ಇಲ್ಲ. ಕೊನೆಗೆ ಭಾಗ್ಯ ಕೋರ್ಟಿನ ಆವರಣಕ್ಕೆ ಕರೆದೊಯ್ದಳು. ಅಲ್ಲಿ ಬೇವಿನ ಮರದ ಪಕ್ಕ ಕಾನೂನು ಸೇವಾ ಸಮಿತಿಯ ಸಣ್ಣ ಕೋಣೆ. ಒಳಗೆ ತಾಂಡೂರಿನಿಂದ ಸೊಸೆಯಾಗಿ ಬಂದ ಪ್ರೇಮಲಾ ಎಂಬ ಕಾರ್ಯಕರ್ತೆ.

"ಹೆಣ್ಮಕ್ಳಿಗಿ ಇಲ್ಲಿ ವಕೀಲರು ಪುಕ್ಕಟೆ ಅತ್ತಿ."

"ಪುಕ್ಕಟೆ ವಕೀಲ ಅಂದ್ರ ಹ್ಯಾಂಗ ಇರ್ತಾನ? ಬೆಂದಾನೋ, ಹಸೀ ಅದಾನೋ?"

ಪ್ರೇಮಲಾ ನಕ್ಕಳು. "ಬೆಂದೋರೇ ಅದಾರ. ಕೇಳ್ರಿ, ಕಾಗದ ಇಲ್ಲ ಅಂದ್ರ ನೀವು ಕಿರಾಯಿದಾರರೇ ಅಲ್ಲ ಅಂತಲ್ಲ. ಕೋರ್ಟಿನ ಹುಕುಂ ಇಲ್ದ ನಿಮ್ಮನ್ನ ಹೊರಗ ಹಾಕಾಕ ಬರಂಗಿಲ್ಲ. ಬಾಗಲ ಕೀಳೋದು, ನೀರು ಬಂದ್ ಮಾಡೋದು, ಅವೂ ಬರಂಗಿಲ್ಲ. ಆದ್ರ ಅಲ್ಲಿ ಇಷ್ಟು ವರ್ಷ ಇದ್ದೀರಿ ಅನ್ನಾಕ ಏನರ ತೋರಸಬೇಕು."

"ನನ್ನ ಒಲಿ ಮ್ಯಾಗಿನ ತಗಡ ನೋಡ್ರಿ. ಹನ್ನೊಂದು ವರ್ಷದ ಮಸಿ ಅದ."

"ಮಸಿ ಫೈಲಿಗಿ ಹಚ್ಚಾಕ ಬರಂಗಿಲ್ಲ ಅತ್ತಿ."

ಆಗ ಭಾಗ್ಯಳಿಗೆ ಹೊಳೆಯಿತು. ಮೊಬೈಲು ತೆಗೆದು ಕಾಶಿನಾಥನ ಫೇಸ್‌ಬುಕ್ ಬಿಚ್ಚಿದಳು. ವರ್ಷಕ್ಕೊಂದರಂತೆ ಹನ್ನೊಂದು ರಾಖಿ. ಮುಂದೆ ಕಾಶಿನಾಥನ ಮುಂಗೈ, ಪಕ್ಕದಲ್ಲಿ ಸುಗಲಾಬಾಯಿ, ಹಿಂದೆ ಮನೆ ನಂಬರು ಬರೆದ ಮುಂಬಾಗಿಲ ಚೌಕಟ್ಟು. ಪ್ರತಿ ಫೋಟೊದ ಕೆಳಗೂ ಅವನೇ ಬರೆದ ಸಾಲು: "ನಮ್ಮ ಅಕ್ಕನ ಮನೆಯಲ್ಲಿ ರಾಖಿ." ಮುನ್ನೂರು ಜನ ಅದಕ್ಕೆ ಕೈ ಮುಗಿದಿದ್ದರು.

ಪ್ರೇಮಲಾ ಅರ್ಜಿ ಬರೆದು ಮುಂದಿಟ್ಟಳು. ಸುಗಲಾಬಾಯಿ ಪೆನ್ನು ಹಿಡಿದು ಅರ್ಜಿಯಲ್ಲಿದ್ದ ಕಾಶಿನಾಥನ ಹೆಸರು ನೋಡಿದಳು.

"ತಮ್ಮಗ ನೋಟಿಸ್ ಹ್ಯಾಂಗ ಕಳಸ್ಲವ್ವಾ?"

"ತಮ್ಮ ಬಾಗಲ ಹ್ಯಾಂಗ ಕಿತ್ತ?" ಎಂದಳು ಭಾಗ್ಯ.

ಸುಗಲಾಬಾಯಿ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ರಾಖಿಗೆ ಎಂಟು ದಿನ ಇರುವಾಗ ಕಾಶಿನಾಥ ನೋಟಿಸು ಹಿಡಿದು ಒಲೆಯ ಮುಂದೆ ಬಂದ. "ಇಷ್ಟು ದೂರ ಹೋಗೋದಿತ್ತಾ ಅಕ್ಕಾ? ನನಗ ಒಂದು ಮಾತು ಹೇಳಬಾರದಿತ್ತಾ?"

"ನಲವತ್ತು ದಿನ ಸೀರಿ ಕಟ್ಟಿ ಹೇಳೀನಲ್ಲ ತಮ್ಮಾ."

ಸಮಿತಿಯ ಮುಂದೆ ಅವನು ಮೊದಲು ಆಕೆ ಬಾಡಿಗೆಯವಳೇ ಅಲ್ಲ, ಹಾಗೇ ಬಂದು ಹೋಗುವವಳು ಎಂದ. ವಕೀಲರು ಹನ್ನೊಂದು ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಕಾಶಿನಾಥ ತನ್ನದೇ ನಗುಮುಖವನ್ನು ಹನ್ನೊಂದು ಸಲ ನೋಡಿ ತಲೆ ತಗ್ಗಿಸಿದ. ಮೂರು ವರ್ಷದ ಬಾಡಿಗೆಗೆ ಅಲ್ಲೇ ಕಾಗದವಾಯಿತು. ಬಿಡಿಸುವುದಿದ್ದರೆ ಬರೆದು ತಿಳಿಸಬೇಕು, ಬಾಗಿಲು ಎರಡು ದಿನದಲ್ಲಿ ಬರಬೇಕು ಎಂದು ಅದರಲ್ಲೇ ಬರೆದರು.

ಒಳ್ಳೆಯದಾಯಿತು. ಆದರೆ ಫೋಟೊ ಹಾಕುವ ಚಟವಿಲ್ಲದ ತಮ್ಮಂದಿರ ಮನೆಯಲ್ಲಿ ಇರುವವರು ಎಲ್ಲಿಗೆ ಹೋಗಬೇಕು? ಅವರು ಇಂದೂ ಸೀರೆ ಕಟ್ಟಿಕೊಂಡೇ ಸ್ನಾನ ಮಾಡುತ್ತಿದ್ದಾರೆ. ಕೋರ್ಟಿನ ಆವರಣದಲ್ಲಿ ಬೇವಿನ ಮರದ ಪಕ್ಕ ಒಂದು ಕೋಣೆ ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ರಾಖಿಯ ದಿನ ಬಾಗಿಲು ಬಂತು. ಬಡಗಿಯ ಕೂಲಿ ಉಳಿಸಲು ಕಾಶಿನಾಥ ತಾನೇ ಕೂರಿಸಿದ. ನಾಚಿಕೆಯ ಅವಸರದಲ್ಲಿ ಬಾಗಿಲು ತಿರುವುಮುರುವಾಗಿ ಚಿಲಕ ಹೊರಗೆ ಬಂತು.

"ತಮ್ಮಾ, ಒಳಗ ಹೋಗಿ ನೋಡಪಾ, ಸಂದಿ ಬಿಟ್ಟದೇನು."

ಅವನು ಒಳಗೆ ಹೋದ. ಸುಗಲಾಬಾಯಿ ಹೊರಗಿನಿಂದ ಚಿಲಕ ಸರಿಸಿದಳು.

"ಅಕ್ಕಾ! ಏನ್ ಮಾಡ್ಲಿಕ್ಕತ್ತಿ?"

"ರಿಪೇರಿ ತಮ್ಮಾ. ಎರಡೇ ದಿನ."

ಸಾಲಿನಲ್ಲಿ ನಿಂತಿದ್ದ ರೊಟ್ಟಿಯ ಗಿರಾಕಿಗಳೆಲ್ಲ ನಕ್ಕರು. ಆಕೆ ನಾಲ್ಕು ರೊಟ್ಟಿ ಬೇಯಿಸಿ ಇಳಿಸಿದ ಮೇಲೆ ಎದ್ದು ಹೋಗಿ ಚಿಲಕ ತೆಗೆದಳು. ಬೆವೆತು ಹೊರಗೆ ಬಂದ ಕಾಶಿನಾಥ ರಾಖಿಗೆ ಮುಂಗೈ ಚಾಚಿದ.

"ಮದ್ಲ ಚಿಲಕ ಒಳಗ ಹಾಕು" ಎಂದಳು ಸುಗಲಾಬಾಯಿ, ರಾಖಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ.