ಹೊರಟ ತಂಡವನ್ನು ಎಲ್ಲಿಗೆಂದು ಕೇಳಬಾರದು

ನಾನು ಚಪ್ಪಲಿ ಹಾಕಿಕೊಂಡರೂ ಐದಡಿ ಮುಟ್ಟದ ಹೆಂಗಸು. ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಸಾರಿನ ಪುಡಿಯ ಡಬ್ಬಿ ಇಳಿಸುವುದಕ್ಕೂ ಸ್ಟೂಲು ಹುಡುಕುವವಳು. ಅಂಥವಳು ಒಂದು ಬ್ಯಾಸ್ಕೆಟ್‌ಬಾಲ್ ತಂಡ ಊರು ಬಿಡುತ್ತದಂತೆ ಎಂಬ ಸುದ್ದಿ ಕೇಳಿ ಸರಿಯಾಗಿ ಊಟ ಮಾಡಲಿಲ್ಲ ಎಂದರೆ ಯಾರಿಗಾದರೂ ನಗು ಬರಬೇಕಾದದ್ದೇ. ನನ್ನ ಗಂಡ ಶ್ರೀಧರ ನಕ್ಕೇಬಿಟ್ಟ. "ಅಲ್ವೇ, ನಿನ್ ತವರುಮನೆಯೋರು ಮನೆ ಖಾಲಿ ಮಾಡ್ದಾಗ್ಲೂ ನೀನು ಹೀಗೆ ಮುಖ ಊದಿಸ್ಕೊಂಡಿರ್ಲಿಲ್ಲ" ಎಂದ. ನಿಜ. ಆದರೆ ತವರಿನವರು ಮನೆ ಬದಲಾಯಿಸಿದ್ದು ಮೈಸೂರಿನೊಳಗೇ, ಎರಡು ಬೀದಿ ಆಚೆಗೆ. ಇವರು ನಾವೀಗ ಇರುವ ಪರ್ತ್ ಊರನ್ನೇ ಬಿಟ್ಟು ಹೊರಟಿದ್ದರು.

ತಂಡದ ಹೆಸರು ಹೇಳುವುದಿಲ್ಲ, ಹೇಳಿದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಪರ್ತಿನ ಹೆಸರುವಾಸಿಯಾದ ದೊಡ್ಡ ತಂಡ ಇದಲ್ಲ, ಅದು ತನ್ನ ಪಾಡಿಗೆ ಗಟ್ಟಿಯಾಗಿದೆ. ನಮ್ಮದು ಸಣ್ಣದು. ಸಂಬಳ ತೆಗೆದುಕೊಂಡು ಆಡುವ ಹುಡುಗರೇ ಆದರೂ ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ಇರುವಂಥವರು. ಭಾನುವಾರ ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ ಅದು 'ಆರ್ವೋ', ಹಳೆಯ ಒಳಾಂಗಣ ಕ್ರೀಡಾಂಗಣವೊಂದರಲ್ಲಿ ಆಡುತ್ತಿದ್ದರು. ತಂಡದ ಮಾಲೀಕರು ಬದಲಾದರು. ಹೊಸ ಮಾಲೀಕರ ವ್ಯವಹಾರವೆಲ್ಲ ಬೇರೆ ಕಡೆ. ತಂಡ ಅಡಿಲೇಡಿಗೆ ಹೋಗುತ್ತದೆ ಎಂದು ಕೆಲವರು, ಇಲ್ಲ ಬ್ರಿಸ್ಬೇನಿಗೆ ಎಂದು ಕೆಲವರು, ಎಲ್ಲಿಗೂ ಹೋಗುವುದಿಲ್ಲ ಎಂದು ನಾನು.

ನಾನು ಹಾಗೆ ಹಟ ಹಿಡಿಯುವುದಕ್ಕೆ ಕಾರಣವಿತ್ತು. ಮೈಸೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಗರಡಿ ಇತ್ತು. ಅಲ್ಲಿನ ಪೈಲ್ವಾನರು ಗೆಲ್ಲುತ್ತಿದ್ದರು, ಸೋಲುತ್ತಿದ್ದರು, ಮುದುಕರಾಗುತ್ತಿದ್ದರು, ಅವರ ಮಕ್ಕಳು ಅದೇ ಕೆಂಪು ಮಣ್ಣನ್ನು ಮೈಗೆ ಹಚ್ಚಿಕೊಂಡು ಮತ್ತೆ ಅಖಾಡಕ್ಕೆ ಇಳಿಯುತ್ತಿದ್ದರು. ಆ ಗರಡಿಗೆ ಮಂಡ್ಯದಲ್ಲಿ ಒಳ್ಳೆಯ ಕಟ್ಟಡ ಸಿಕ್ಕಿತಂತೆ, ಮುಂದಿನ ತಿಂಗಳಿಂದ ಮಂಡ್ಯದ ಗರಡಿಯಂತೆ ಎಂದು ಯಾರಾದರೂ ಹೇಳಿದ್ದರೆ ಬೀದಿಯವರೆಲ್ಲ ಸೇರಿ ಹೇಳಿದವನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ಗರಡಿ ಎಂದರೆ ಮಣ್ಣು. ಮಣ್ಣು ಎಲ್ಲಿಗೆ ಹೋಗುತ್ತದೆ? ಬ್ಯಾಸ್ಕೆಟ್‌ಬಾಲ್ ಆಡುವುದು ಮರದ ಹಲಗೆಯ ಮೇಲೆ ಎಂಬುದನ್ನು ನಾನು ಮರೆತಿದ್ದೆ. ಹಲಗೆಗಳನ್ನು ಕಳಚಿ ಲಾರಿಗೆ ಏರಿಸಬಹುದು.

ಈಗ ನೀವು ಕೇಳಬಹುದು, ಮೈಸೂರಿನವಳಿಗೆ ಈ ಹುಚ್ಚು ಹೇಗೆ ಹತ್ತಿತು ಎಂದು. ನಾನು ಡಾಕ್ಟರು. ಈ ದೇಶಕ್ಕೆ ಬಂದ ಹೊರಗಿನ ಡಾಕ್ಟರುಗಳ ಪಾಡು ವರ್ಗಾವಣೆಯ ಮೇಷ್ಟ್ರುಗಳ ಪಾಡಿನಂತೆಯೇ, ಕೆಲಸ ಎಲ್ಲಿ ಸಿಗುತ್ತದೋ ಅಲ್ಲಿಗೆ ಗಂಟುಮೂಟೆ. ಮೊದಲು ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್ಚಿನ ಆಸ್ಪತ್ರೆ. ಅಲ್ಲಿ ಆಸ್ಪತ್ರೆ, ಮನೆ, ಅಂಗಡಿ ಬಿಟ್ಟರೆ ನಾಲ್ಕನೆಯ ಜಾಗ ನೋಡಲಿಲ್ಲ. ಆಮೇಲೆ ಅಡಿಲೇಡ್. ಅಲ್ಲಿ ಪರೀಕ್ಷೆಗೆ ಓದಿದ್ದು ಬಿಟ್ಟು ಬೇರೇನೂ ನೆನಪಿಲ್ಲ. ಆ ಊರುಗಳನ್ನು ಬಿಟ್ಟಾಗ ಅವಕ್ಕೂ ದುಃಖವಾಗಲಿಲ್ಲ, ನನಗೂ ಆಗಲಿಲ್ಲ. ಪರ್ತಿಗೆ ಬಂದ ಮೊದಲ ವರ್ಷ ಮಗಳು ತನ್ವಿಯ ಶಾಲೆಯಲ್ಲಿ ಯಾರೋ ಪುಕ್ಕಟೆ ಟಿಕೆಟ್ ಕೊಟ್ಟರು. ಪುಕ್ಕಟೆ ಎಂದರೆ ನಾವು ಬಿಡುವವರಲ್ಲ. ಹೋದೆವು. ನಮ್ಮ ತಂಡ ಹೀನಾಯವಾಗಿ ಸೋತಿತು. ಕಾರಿನಲ್ಲಿ ಬರುವಾಗ ನಾನು "ನಮ್ಮೋರು ಇನ್ನೊಂಚೂರು ಡಿಫೆನ್ಸ್ ಆಡ್ಬೇಕಿತ್ತು" ಎಂದೆ. ಶ್ರೀಧರ ತಿರುಗಿ ನೋಡಿದ. ಈ ದೇಶದಲ್ಲಿ ನಾನು 'ನಮ್ಮೋರು' ಎಂದು ಕರೆದದ್ದು ಅದೇ ಮೊದಲು. ನನಗೇ ಆಶ್ಚರ್ಯವಾಯಿತು.

ಅಂದಿನಿಂದ ಪ್ರತಿ ಸೀಸನ್ನಿಗೂ ಅದೇ ಸಾಲು, ಅದೇ ಸೀಟು. ನನ್ನ ಬಲಕ್ಕೆ ಗಂಡ, ಮಗಳು. ಎಡಕ್ಕೆ ಬೆರಿಲ್. ಎಂಬತ್ತರ ಹತ್ತಿರದ ಬಿಳಿ ಹೆಂಗಸು. ಮನಸ್ಸಿನಲ್ಲಿ ನಾನು ಬೆರಿಲಮ್ಮ ಎಂದೇ ಕರೆಯುತ್ತಿದ್ದೆ. ಕೈಯಲ್ಲಿ ಸದಾ ಹೆಣಿಗೆ. ನಮ್ಮವರು ಗೆಲ್ಲುತ್ತಿದ್ದರೆ ಕಡ್ಡಿಗಳು ನಿಧಾನ, ಸೋಲುತ್ತಿದ್ದರೆ ಟಕಟಕ ವೇಗ. ಹಾಗಾಗಿ ಕೆಟ್ಟ ವರ್ಷಗಳಲ್ಲಿ ಆಕೆಯ ಮೊಮ್ಮಕ್ಕಳಿಗೆ ಸ್ವೆಟರುಗಳು ಜಾಸ್ತಿ. ನಾನು ಪುಳಿಯೋಗರೆ ಕೊಡುತ್ತಿದ್ದೆ, ಆಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದು, ಚೀಲದಿಂದ ಶುಂಠಿ ಬಿಸ್ಕತ್ತು ತೆಗೆದು ಕೊಡುತ್ತಿದ್ದರು. ಮಾತೆಲ್ಲ ಆಟದ್ದೇ. ರೆಫ್ರಿಗೆ ಕನ್ನಡಕ ಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಎಂದೂ ಭಿನ್ನಾಭಿಪ್ರಾಯ ಬರಲಿಲ್ಲ.

ನಾನು ಡಾಕ್ಟರೆಂದು ಮಾತ್ರ ಹೇಳಿರಲಿಲ್ಲ. ಈ ವೃತ್ತಿಯವರಿಗೆ ಗೊತ್ತು, ಮದುವೆ ಮನೆಯಿರಲಿ ಮಸಣವಿರಲಿ, ಡಾಕ್ಟರು ಎಂದು ತಿಳಿದ ಮರುಕ್ಷಣ ಎದುರಿನವರು ಮೊಣಕಾಲು ತೋರಿಸುತ್ತಾರೆ. ಅದಕ್ಕೆ ನಾನು ಎಲ್ಲಿ ಕೆಲಸ, ಎಲ್ಲಿ ಮನೆ ಎಂಬ ಮಾತು ಬಂದರೆ ಸ್ಕೋರ್‌ಬೋರ್ಡಿನ ಕಡೆ ಕೈ ತೋರಿಸಿ ಮಾತು ತಿರುಗಿಸುತ್ತಿದ್ದೆ. ಆಕೆಯೂ ಒತ್ತಾಯ ಮಾಡಲಿಲ್ಲ. ನಾನೂ ಆಕೆಯನ್ನು ಕೇಳಲಿಲ್ಲ. ಆಟ ಮುಗಿದ ಮೇಲೆ ನಾವು ಪಾರ್ಕಿಂಗಿನ ಬಾಗಿಲು ಹಿಡಿಯುತ್ತಿದ್ದೆವು, ಆಕೆ ಬಸ್ಸಿನ ಕಡೆಯ ಬಾಗಿಲು.

ತಂಡ ಹೊರಡುವ ಗುಲ್ಲು ಜೋರಾದಾಗ ಕ್ಲಬ್ಬಿನವರು ಅಭಿಮಾನಿಗಳ ಸಭೆ ಕರೆದರು. ಹೊರಗೆ ಇಲ್ಲಿಯವರು 'ಬಾರ್ಬಿ' ಎನ್ನುವ ಸುಡುವ ಒಲೆಯ ಮೇಲೆ ಸಾಸೇಜು ಬೇಯುತ್ತಿತ್ತು, ಒಳಗೆ ಪ್ಲಾಸ್ಟಿಕ್ ಕುರ್ಚಿಗಳು. ವೇದಿಕೆಯ ಮೇಲೆ ಮ್ಯಾನೇಜರು, ಪಕ್ಕದಲ್ಲಿ ನಮ್ಮ ಕ್ಯಾಪ್ಟನ್, ತನ್ನ ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಚಿಕೊಂಡು ಕೂತಿದ್ದ. ಜನ ಒಬ್ಬೊಬ್ಬರಾಗಿ ಎದ್ದು, ಇರ್ತೀರೋ ಹೋಗ್ತೀರೋ, ಹೋದರೆ ಎಲ್ಲಿಗೆ ಎಂದು ಕೇಳಿದರು. ಮ್ಯಾನೇಜರು ಎಲ್ಲರಿಗೂ ನಗುನಗುತ್ತ ಒಂದೇ ಉತ್ತರ ಕೊಟ್ಟರು: "ಇನ್ನೂ ಏನೂ ತೀರ್ಮಾನವಾಗಿಲ್ಲ." ಮದುವೆಯ ವಯಸ್ಸಿನ ಮಗಳ ಅಪ್ಪ ಕೂಡ ಅಷ್ಟು ಜಾಣತನದಿಂದ ಮಾತಾಡಲಾರ. ಮಗಳೇ ಎನ್ನುವ ಹಾಗೆ ಎಲ್ಲರನ್ನೂ 'ಲವ್' ಎಂದು ಕರೆಯುವ ಬೆರಿಲಮ್ಮ ನನ್ನ ತೋಳು ತಿವಿದರು. "ನೀನು ಕೇಳು, ಲವ್. ನೀನು ಚೆನ್ನಾಗಿ ಮಾತಾಡ್ತೀಯ." ಮೈಕು ನನ್ನ ಕೈಗೆ ಬಂತು. ಎದ್ದು ನಿಂತೆ. ನಿಂತದ್ದು ಎಷ್ಟು ಜನಕ್ಕೆ ಕಾಣಿಸಿತೋ ಗೊತ್ತಿಲ್ಲ.

ಇಲ್ಲಿ ನನ್ನ ಅಜ್ಜಿಯ ವಿಷಯ ಹೇಳಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ಆಕೆಯ ಕಟ್ಟಾಜ್ಞೆ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕು ಎಂದು ಬಾಯಿ ತುರಿಸಿದರೆ "ದೂರ ಹೊರಟಿರಾ?" ಎನ್ನಬೇಕು. ಅವರು "ಹೂಂ, ಸ್ವಲ್ಪ ದೂರ" ಎನ್ನುತ್ತಾರೆ, ಅಲ್ಲಿಗೆ ಮರ್ಯಾದೆಯೂ ಉಳಿಯಿತು, ಶಕುನವೂ ಉಳಿಯಿತು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಚಿಕ್ಕವಳಿದ್ದಾಗ ಪಕ್ಕದ ಮನೆಯ ರಾಮಣ್ಣ ಮಾವ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುವಾಗ "ಎಲ್ಲಿಗ್ ಮಾವ?" ಎಂದುಬಿಟ್ಟೆ. ಅವರು ನನ್ನನ್ನು ಸುಟ್ಟುಬಿಡುವಂತೆ ನೋಡಿ, ಒಳಗೆ ಹೋಗಿ, ಚಪ್ಪಲಿ ಕಳಚಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಮತ್ತೆ ಹೊರಟರು. ಅಷ್ಟರಲ್ಲಿ ಬೆಂಗಳೂರಿನ ರೈಲು ಹೋಗಿತ್ತು. ಅಜ್ಜಿ ನನ್ನ ತೊಡೆ ಚಿವುಟಿದ ಗುರುತು ಎರಡು ದಿನ ಇತ್ತು.

ಆ ಚಿವುಟು ಪರ್ತಿನವರೆಗೂ ಬಂದಿದೆ ಎಂದು ನನಗೆ ಗೊತ್ತಾದದ್ದು ಮೈಕು ಹಿಡಿದಾಗ. ಮನಸ್ಸಿನಲ್ಲಿ ಪ್ರಶ್ನೆ ಸಿದ್ಧವಿತ್ತು. ನಾಲಿಗೆ ಮಾತ್ರ ಮೇಲೇಳಲಿಲ್ಲ. ಎದುರಿಗೆ ಹೊರಟು ನಿಂತವರು ಕೂತಿದ್ದಾರೆ, ಅವರು ಒಳ್ಳೆಯದಕ್ಕೇ ಹೋಗುತ್ತಿರಬಹುದು, ನಾನು ಬಾಯಿ ಹಾಕಿ ಕೆಡಿಸಬೇಕೇ? ಕೊನೆಗೆ ಅಜ್ಜಿಯ 'ದೂರ ಹೊರಟಿರಾ' ಎಂಬುದೇ ಇಂಗ್ಲಿಷಿನಲ್ಲಿ ಹೊರಬಿತ್ತು: "ಆರ್ ಯೂ ಗೋಯಿಂಗ್ ಫಾರ್?"

ಸಭೆ ಗೊಳ್ಳೆಂದು ನಕ್ಕಿತು. ತನ್ವಿ ಮುಖ ಮುಚ್ಚಿಕೊಂಡಳು. ಮ್ಯಾನೇಜರು ಇನ್ನೇನು ತಮ್ಮ ತೀರ್ಮಾನವಾಗಿಲ್ಲದ ಉತ್ತರಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಕ್ಯಾಪ್ಟನ್ ಉತ್ತರ ಕೊಟ್ಟ. ಒಳ್ಳೆಯ ಮನೆಯ ಹುಡುಗ. ಇಡೀ ಸಭೆ ನನ್ನನ್ನು ನೋಡಿ ನಕ್ಕದ್ದು ಅವನಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. "ದೂರವೇ ಮೇಡಂ" ಎಂದ ಮೆತ್ತಗೆ. "ವಿಮಾನದ ಸೀಟಿನಲ್ಲಿ ಈ ಕಾಲು ಮಡಚಿಕೊಂಡು ಇಡೀ ದೇಶ ದಾಟಬೇಕಲ್ಲ."

ನಗು ನಿಂತುಹೋಯಿತು. ಅಡಿಲೇಡಾದರೆ ಇಡೀ ದೇಶ ದಾಟಬೇಕಿಲ್ಲ, ನಡುದಾರಿಯಲ್ಲೇ ಇಳಿಯಬಹುದು. ಆಚೆಯ ತುದಿ ಎಂದರೆ ಬ್ರಿಸ್ಬೇನ್. ಸಭೆಯಲ್ಲಿದ್ದ ಪ್ರತಿಯೊಬ್ಬರೂ ತಲೆಯೊಳಗೆ ಭೂಪಟ ಬಿಡಿಸಿದ್ದು ಕಾಣಿಸುತ್ತಿತ್ತು. ಮ್ಯಾನೇಜರು ನೀರಿನ ಬಾಟಲಿಗೆ ಕೈ ಹಾಕಿದರು. ನೇರವಾಗಿ ಎಲ್ಲಿಗೆ ಎಂದು ಕೇಳಿದವರಿಗೆ ಸಿಗದ ಉತ್ತರ, ಉತ್ತರ ಬೇಡವೆಂದೇ ಅಜ್ಜಿ ಹೇಳಿಕೊಟ್ಟಿದ್ದ ಪ್ರಶ್ನೆಗೆ ಸಿಕ್ಕಿಬಿಟ್ಟಿತ್ತು. ಬೆರಿಲಮ್ಮ ಹೆಣಿಗೆಯನ್ನು ಚೀಲದೊಳಗೆ ಇಟ್ಟುಕೊಂಡರು. ಎಷ್ಟೇ ಹೀನಾಯವಾಗಿ ಸೋಲುವ ಆಟದಲ್ಲೂ ಆಕೆ ಹಾಗೆ ಇಟ್ಟದ್ದನ್ನು ನಾನೆಂದೂ ನೋಡಿರಲಿಲ್ಲ.

ಆಮೇಲಿನದು ಬರೀ ಔಪಚಾರಿಕ. ಆ ವಾರದಲ್ಲೇ ಪ್ರಕಟಣೆ ಬಂತು, 'ಒಳ್ಳೆಯ ಅವಕಾಶ' ಎಂದಿತ್ತು. ನಾನು ಮನೆಯಲ್ಲಿ ಕೂಗಾಡಿದೆ. ಇಷ್ಟು ವರ್ಷ ಚಪ್ಪಾಳೆ ತಟ್ಟಿದವರನ್ನು ಬಿಟ್ಟು ಅವಕಾಶವಂತೆ ಅವಕಾಶ! ತನ್ವಿ ಫೋನಿನಿಂದ ತಲೆಯೆತ್ತಿ, "ಬಟ್ ಅಮ್ಮ, ಯೂ ಮೂವ್ಡ್ ಟೂ. ಟ್ವೈಸ್!" ಎಂದಳು. ಇಪ್ಸ್‌ವಿಚ್ ಬಿಡುವಾಗ ರೋಗಿಯೊಬ್ಬರು ಯಾಕೆ ಹೋಗುತ್ತೀರಿ ಎಂದು ಕೇಳಿದ್ದರು. ನಾನು ಹೇಳಿದ್ದೂ ಅದೇ 'ಒಳ್ಳೆಯ ಅವಕಾಶ'. ಅವರು ಮನೆಗೆ ಹೋಗಿ ಕೂಗಾಡಿದರೋ ಏನೋ.

ಇಪ್ಸ್‌ವಿಚ್ಚಿನಿಂದಲೇ ಫೋನೂ ಬಂತು. ಅಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಡಾಕ್ಟರ್ ಫಿರೋಜ್, ನಮ್ಮ ಮೈಸೂರಿನವರೇ. "ಮೇಡಂ, ನಿಮ್ ಹುಡುಗ್ರು ನಮ್ ಕಡೆ ಬರ್ತಿದಾರಂತಲ್ಲ! ನೀವೇನೂ ಯೋಚ್ನೆ ಮಾಡ್ಬೇಡಿ, ಚೆನ್ನಾಗ್ ನೋಡ್ಕೋತೀವಿ" ಎಂದರು. ಥೇಟ್ ಬೀಗರ ಮಾತು. ಸಿಟ್ಟು ಮಾಡಬೇಕೆಂದುಕೊಂಡವಳು ಹೆಣ್ಣಿನ ತಾಯಿಯ ಹಾಗೆ ಶುರುಮಾಡಿದೆ: "ನೋಡಿ ಫಿರೋಜ್, ಆ ಹೊಸ ಹುಡ್ಗ ಇದಾನಲ್ಲ, ಅವ್ನು ಫ್ರೀ ಥ್ರೋ ಹಾಕುವಾಗ ಕೂಗ್ಬೇಡಿ. ಗಾಬ್ರಿ ಆಗ್ತಾನೆ." ಅಷ್ಟು ಹೇಳಿದ್ದೇ ಸಾಕಾಯಿತು. ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟೆ.

ಕೊನೆಯ ಆಟ ಗೆದ್ದರು. ಸೋತಿದ್ದರೆ, ಹೋಗಲಿ ಬಿಡು ಎನ್ನಬಹುದಿತ್ತು. ಹುಡುಗರು ಸುತ್ತು ಬಂದು ಕೈ ಬೀಸಿದರು. ಜನ ಎದ್ದು ಹೋದರೂ ನಾನು, ಬೆರಿಲಮ್ಮ ಕೂತೇ ಇದ್ದೆವು. ಕೆಲಸದವರು ಬಂದು ಒಂದೊಂದೇ ಬಾಗಿಲು ಹಾಕತೊಡಗಿದಾಗ, ತೆರೆದಿದ್ದ ಒಂದೇ ಬಾಗಿಲಿನಿಂದ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಒಟ್ಟಿಗೆ ಹೊರಗೆ ಬಂದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಬೆರಿಲಮ್ಮ ನನ್ನ ಕಡೆ ತಿರುಗಿ, ಸಭೆಯನ್ನು ನೆನೆಸಿಕೊಂಡು, ಕೀಟಲೆಯ ದನಿಯಲ್ಲಿ ಕೇಳಿದರು: "ಆರ್ ಯೂ ಗೋಯಿಂಗ್ ಫಾರ್, ಲವ್?"

ಇನ್ನು ಮೊಣಕಾಲು ತೋರಿಸಿದರೂ ಪರವಾಗಿಲ್ಲ ಎನಿಸಿತು. "ಇಲ್ಲ, ಇಲ್ಲೇ ಮೋರ್ಲಿ. ಅಲ್ಲೇ ನನ್ನ ಕ್ಲಿನಿಕ್ಕೂ ಇದೆ" ಎಂದೆ.

ಬೆರಿಲಮ್ಮನ ಕೀಟಲೆ ಮುಖದಿಂದ ಇಳಿದುಹೋಯಿತು. ಆಕೆಯ ಮನೆಯೂ ಅದೇ ಮೋರ್ಲಿ ಬಡಾವಣೆಯಲ್ಲೇ. ದೊಡ್ಡ ಶಾಪಿಂಗ್ ಸೆಂಟರಿನ ಹಿಂದಿನ ಬೀದಿ. ಮದುವೆಯಾಗಿ ಬಂದಾಗಿನಿಂದ ಅಲ್ಲೇ. ಪ್ರತಿ ಭಾನುವಾರ ಸಿಟಿಗೊಂದು ಬಸ್ಸು, ಸಿಟಿಯಿಂದ ಇನ್ನೊಂದು, ವಾಪಸ್ಸು ಬರುವಾಗ ಮತ್ತೆ ಅದೇ. ಭಾನುವಾರದ ಬಸ್ಸು ಎಂದರೆ ಗೊತ್ತಲ್ಲ, ಕಾದು ಕಾದು ಸ್ವೆಟರಿನ ತೋಳು ಮುಗಿಯುತ್ತದೆ. ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಪುಳಿಯೋಗರೆಯ ಡಬ್ಬಿಯನ್ನು ಕೂರಿಸಿಕೊಂಡು ನಮ್ಮ ಕಾರು ಹೋಗುತ್ತಿತ್ತು. ತಂಡ ಊರು ಬಿಟ್ಟದ್ದಕ್ಕೆ ನನಗೆ ದುಃಖವಾಗಿತ್ತು. ಇದಕ್ಕೆ ನಾಚಿಕೆಯಾಯಿತು.

ಕಾರಿನ ಹತ್ತಿರ ಕಾಯುತ್ತಿದ್ದ ಶ್ರೀಧರ ಹಿಂದಿನ ಬಾಗಿಲು ತೆಗೆದ. ತನ್ವಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿದಳು. ದಾರಿಯುದ್ದಕ್ಕೂ ಬೆರಿಲಮ್ಮ ಕಿಟಕಿಯಾಚೆ ನೋಡುತ್ತ, "ಕಾರಿನಲ್ಲಿ ಎಷ್ಟು ಹತ್ತಿರ!" ಎಂದು ಎರಡು ಸಲ ಹೇಳಿದರು. ಮನೆಯ ಮುಂದೆ ಇಳಿದು, ಎಂದಿನ ಅಭ್ಯಾಸದಂತೆ "ಮುಂದಿನ ಭಾನುವಾರ ಸಿಗೋಣ" ಎಂದು, ಮುಂದಿನ ಭಾನುವಾರ ಏನೂ ಇಲ್ಲವೆಂದು ನೆನಪಾಗಿ ಗೇಟು ಹಿಡಿದು ನಿಂತುಬಿಟ್ಟರು. "ನಮ್ಮ ಮನೆಗೆ ಬನ್ನಿ, ದೂರವೇನಿಲ್ಲ" ಎಂದೆ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬೇಡ ಎಂದು ಅಜ್ಜಿ ಚಿವುಟಿ ಕಲಿಸಿದ್ದು ನಿಜ. ಆದರೆ ಬಂದು ಪಕ್ಕದಲ್ಲಿ ಕೂತವರನ್ನು ಎಲ್ಲಿಂದ ಬಂದಿರಿ ಎಂದು ಕೇಳಬೇಡ ಎಂದು ಆಕೆ ಎಂದೂ ಹೇಳಿರಲಿಲ್ಲ. ಆ ಒಂದು ಪ್ರಶ್ನೆ ನಮ್ಮ ಬಾಯಿಂದ ಹೊರಡುವುದಕ್ಕೆ ಒಂದು ತಂಡವೇ ಊರು ಬಿಡಬೇಕಾಯಿತು.