ಕಾವಲಿನ ಸಾಲಿಗೆ ಎಳೆದ ಗೀಟು

ಯಮುನಕ್ಕ, ನಿಮ್ಮ ಹೊಸ ವಿಳಾಸವನ್ನು ನಿಮ್ಮ ಗಂಡನ ಕೈಗೆ ಕೊಟ್ಟದ್ದು ಸರಸು ಅಲ್ಲ — ನಾನು. ನೀವು ದುಡಿಯುತ್ತಿದ್ದ ಅನಂತಪುರದ ಅಡಿಕೆ ಹಾಳೆತಟ್ಟೆ ಕಾರ್ಖಾನೆಗೆ ವೆಬ್‌ಸೈಟ್ ಮಾಡಿಕೊಟ್ಟ ಹರೀಶ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತ ಹೇಡಿ.

ಆದದ್ದು ಇಷ್ಟು. ವೆಬ್‌ಸೈಟಿನ ಪುಟಗಳನ್ನು ತೆರೆದುಕೊಡುವ ಭಾಗಕ್ಕೆ ಕಂಟ್ರೋಲರ್ ಎನ್ನುತ್ತೇವೆ. ಅದರ ನೆತ್ತಿಯ ಮೇಲೆ ಅನೋಟೇಶನ್ ಎಂಬ ಚಿಕ್ಕ ಸಾಲುಗಳನ್ನು ಬರೆಯಬೇಕು — ಯಾವ ಪುಟ ಎಂದು ಒಂದು ಸಾಲು, ಯಾರಿಗೆ ಪ್ರವೇಶ ಎಂದು ಇನ್ನೊಂದು. ಕೆಲಸಗಾರರ ಹೆಸರು, ವಿಳಾಸಗಳ ಪಟ್ಟಿಯ ಮೇಲೆ ‘ಮ್ಯಾನೇಜರಿಗೆ ಮಾತ್ರ’ ಎಂಬ ಸಾಲನ್ನು ನಾನೇ ಬರೆದಿದ್ದೆ. ಪರೀಕ್ಷೆ ಮಾಡುವಾಗ ಪ್ರತಿ ಸಲವೂ ಪಾಸ್‌ವರ್ಡ್ ಹೊಡೆಯಲು ಸೋಮಾರಿತನ. ಆ ಸಾಲಿನ ಮುಂದೆ ಎರಡು ಓರೆಗೀಟು ಎಳೆದೆ. ಹಾಗೆ ಎಳೆದರೆ ಸಾಲು ಅಲ್ಲೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಗೀಟು ತೆಗೆಯಲು ಮರೆತೆ. ಪಟ್ಟಿ ಊರಿಗೆಲ್ಲ ತೆರೆದುಕೊಂಡಿತು.

ಗಂಡನ ಹೊಡೆತ ತಾಳಲಾರದೆ ನೀವು ಅವನ ಊರು ಮೀಂಜದಿಂದ ಓಡಿಬಂದು ಕಾರ್ಖಾನೆಗೆ ಹತ್ತಿರದ ಮಧೂರಿನಲ್ಲಿ ಅಡಗಿದ್ದಿರಿ. ಅವನು ಮೊಬೈಲಿನಲ್ಲಿ ನಿಮ್ಮ ಹೆಸರು ಹುಡುಕಿದ. ಹಾಡುಹಗಲೇ ಬಂದು, ಬಟ್ಟೆ ಒಗೆಯುತ್ತಿದ್ದ ನಿಮ್ಮ ತಲೆಗೆ ಕತ್ತಿ ಬೀಸಿದ. ಅಡ್ಡ ಹಿಡಿದ ಬಲಗೈಯ ಮೂರು ಬೆರಳು ಒಗೆಯುವ ಕಲ್ಲಿನ ಮೇಲೆ ಬಿದ್ದವು. ವಿಳಾಸ ಹೇಗೆ ಸಿಕ್ಕಿತೆಂದು ಅವನು ಪೊಲೀಸರಿಗೂ ಬಾಯಿಬಿಡಲಿಲ್ಲ.

ನನಗೆ ಗೊತ್ತಾಗಿತ್ತು. ಆ ಬೆಳಿಗ್ಗೆ ಹೊರಗಿನ ಮೊಬೈಲೊಂದು ನಿಮ್ಮ ವಿಳಾಸವಿದ್ದ ಪುಟ ತೆರೆದದ್ದು ಸರ್ವರಿನ ದಾಖಲೆಯಲ್ಲಿತ್ತು. ಗೀಟು ತೆಗೆದೆ, ದಾಖಲೆ ಅಳಿಸಿದೆ, ಆಮೇಲೆ — ಏನೂ ಅರಿಯದವನಂತೆ ಆಸ್ಪತ್ರೆಗೆ ಬಂದೆ. ಕಾರ್ಖಾನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ನಿಮ್ಮ ಗೆಳತಿ ಸರಸು ಗಂಜಿ ತಂದಿದ್ದಳು.

“ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಗೊತ್ತುಂಟು ನನ್ನ ಮನೆ? ಎಂತಕ್ಕೆ ಹೇಳಿದ್ದು ಅವನಿಗೆ?”

ಎಡಗೈಯಲ್ಲಿ ಸ್ಟೀಲಿನ ಪಾತ್ರೆ ಎತ್ತಿ ಅವಳ ಮುಖಕ್ಕೇ ಬೀಸಿದಿರಿ. ಹುಬ್ಬು ಸೀಳಿತು. “ದೇವರಾಣೆ ನಾನಲ್ಲ ಅಕ್ಕ” ಎನ್ನುತ್ತಿದ್ದಳು, ಗಂಜಿಯೂ ರಕ್ತವೂ ಕುತ್ತಿಗೆಗೆ ಇಳಿಯುತ್ತಿದ್ದವು. ಎರಡೇ ಹೆಜ್ಜೆ ದೂರದಲ್ಲಿದ್ದ ನಾನು ಬಾಯಿ ತೆರೆದೆ — “ನರ್ಸನ್ನು ಕರೀತೇನೆ” ಎಂದೆ.

ಅವಳು ಕೆಲಸ ಬಿಟ್ಟಳು. ಅವಳ ಹೆಸರು ಕೇಳಿದರೆ ನೀವು ಇವತ್ತಿಗೂ ಉಗುಳುತ್ತೀರಂತೆ. ಆ ಉಗುಳು ನನ್ನ ಮುಖಕ್ಕೆ ಬೀಳಬೇಕಾದದ್ದು.

ಠಾಣೆಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ನಿನ್ನೆ ಸರಸುವಿನ ಮನೆಗೆ ಹೋಗಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಅಕ್ಕನಿಗೆ ಹೇಳಿದ್ರಾ?” ಇಲ್ಲ ಎಂದೆ. “ಮತ್ತೆ ಇಲ್ಲಿ ಎಂತ ಮಾಡ್ತಿದ್ದೀರಿ?” ಎಂದು ಬಾಗಿಲು ಹಾಕಿದಳು.

ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ.