ಮುಚ್ಚಳ ಹಾಕಿದ ಬುತ್ತಿ

ಜಮಖಂಡಿಯಲ್ಲಿ ನನ್ನ ಮೊದಲ ಬೆಳಗ್ಗೆ, ಮನೆ ಮಾಲಕಿ ಕಸ್ತೂರವ್ವ ಬಾಗಿಲು ತಟ್ಟದೆ ಒಳಗೆ ಬಂದವರೇ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಒಳಗೆ ಗಂಜಿ. “ಅಯ್ಯ ಯವ್ವಾ! ಜ್ವರ ಬಂದಾವೇನ್ರಿ?” ಎಂದು ನನ್ನ ಹಣೆ ಮುಟ್ಟಿದರು. ಕುಂದಾಪುರದ ನಮ್ಮ ಮನೆಯಲ್ಲಿ ಗಂಜಿ ಉಣ್ಣಲು ಜ್ವರ ಬರಬೇಕಾಗಿಲ್ಲ, ಮಿಡಿ ಉಪ್ಪಿನಕಾಯಿ ಇದ್ದರೆ ಸಾಕು. ಅಲ್ಲದೆ ಇನ್ನೊಬ್ಬರ ಪಾತ್ರೆಯ ಮುಚ್ಚಳ ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮೈ ಉರಿದುಹೋಯಿತು. ಮಧ್ಯಾಹ್ನ ಅವರೇ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟರು. ಹಿಂಡಿ ಅಂದರೆ ಇಲ್ಲಿ ಚಟ್ನಿಪುಡಿ. ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಉಂಡೆ.

ನಾನು ಬಂದದ್ದು ಇಲ್ಲಿನ ಕಾಲೇಜಿನ ಆರೋಗ್ಯ ಕೋಣೆಗೆ, ನರ್ಸ್ ಆಗಿ. ಮಾತ್ರೆ ಕೊಟ್ಟರಷ್ಟೇ ಸಾಲದು, ಮಕ್ಕಳ ಮನಸ್ಸಿಗೂ ಕಿವಿಗೊಡಬೇಕು ಎಂದು ಮುಧೋಳದಲ್ಲಿ ನಮ್ಮಂಥವರಿಗೆ ತರಬೇತಿ ಇಟ್ಟಿದ್ದರು. ಬಾಗಿಲು ಮುಚ್ಚಿ, ಒಬ್ಬರನ್ನೇ ಕೂರಿಸಿ, ಅವರೆದುರು ಏನೂ ತಿನ್ನಬೇಡಿ, ಪೂರ್ತಿ ಗಮನ ಕೊಡಿ ಎಂದು ಕಲಿಸಿದರು. ಕಬ್ಬಿನ ಗದ್ದೆಗಳ ನಡುವೆ ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಬಾಯಿಪಾಠ ಮಾಡಿಕೊಂಡೆ.

ಆಗಲೇ ರೇಣುಕಾಳ ಪರಿಚಯವಾದದ್ದು. ಬೀಳಗಿ ಕಡೆಯವಳು. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಮನೆಯವರು ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದರು, ಇವಳು ಹಾಸ್ಟೆಲಿನಲ್ಲಿದ್ದಳು. ತರಗತಿಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ರೋಗವೇನಿಲ್ಲ, ಹುಡುಗಿ ಹೊಟ್ಟೆಗೆ ತಿನ್ನುತ್ತಿಲ್ಲ ಎಂದರು ಡಾಕ್ಟರು. “ಇನ್ನೊಮ್ಮೆ ಬಿದ್ದರ ಸಾಲಿ ಬಿಡಿಸಿ ಕರ್ಕೊಂಡ ಹೊಕ್ಕೇನ್ರಿ,” ಎಂದು ಅವಳ ಅಪ್ಪ ನನ್ನೆದುರೇ ಹೇಳಿ ಹೋದರು.

ಮರುದಿನ ಊಟದ ಹೊತ್ತಿಗೆ ಅವಳೇ ನನ್ನ ಬಾಗಿಲಿಗೆ ಬಂದು ನಿಂತಳು. ನಾನು ಉಣ್ಣುತ್ತಿದ್ದೆ. ತರಬೇತಿ ನೆನಪಾಗಿ ತಟ್ಟನೆ ಡಬ್ಬಿಗೆ ಮುಚ್ಚಳ ಹಾಕಿ, ಬದಿಗೆ ಸರಿಸಿ, “ಬಾ, ಹೇಳು” ಎಂದೆ. ಅವಳ ಮುಖ ಸಣ್ಣದಾಯಿತು. “ಏನಿಲ್ರಿ ಮೇಡಂ, ನೀವು ಉಣ್ರಿ,” ಎಂದು ಹೊರಟೇಹೋದಳು. ಮತ್ತೆ ನನ್ನ ಕೋಣೆಯತ್ತ ಸುಳಿಯಲಿಲ್ಲ.

ಕಸ್ತೂರವ್ವನವರಿಗೆ ಹೇಳಿದರೆ ಹಣೆ ಹಣೆ ಬಡಿದುಕೊಂಡರು. “ಮಂದಿ ಬಂದಾಗ ಯಾರರೆ ಬುತ್ತಿ ಮುಚ್ಚತಾರೇನ ಬೇ? ನಿನಗಿಲ್ಲ ಹೋಗ ಅಂದಂಗಾತಲ್ಲ! ಭಾಳ ಶಾಣ್ಯಾಕಿ ಅದಿ ನೀ!” ಅಷ್ಟರಲ್ಲಿ ನನಗೆ ‘ರೀ’ಯಿಂದ ‘ಬೇ’ಗೆ ಬಡ್ತಿ ಸಿಕ್ಕಿತ್ತು; ಮನೆಮಗಳನ್ನು ಕರೆಯುವ ಸಲುಗೆಯದು. ಆದರೆ ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಸಿದ ಹುಡುಗಿಯ ಎದುರು ಅನ್ನ ಮುಚ್ಚಿದ್ದೆನಲ್ಲ ಎಂದು ಅಳು ಬಂತು.

ಮಾರನೆಯ ದಿನ ಕಸ್ತೂರವ್ವನವರ ರೊಟ್ಟಿ ಕಟ್ಟಿಸಿಕೊಂಡು ಹೋಗಿ, ಬೇವಿನ ಮರದಡಿ ಒಬ್ಬಳೇ ಕೂತಿದ್ದವಳ ಮುಂದೆ ಬಿಚ್ಚಿದೆ. “ಬಾ ಬೇ, ಉಣ್ಣೋಣು” ಎಂದೆ. ನನ್ನ ಕರಾವಳಿ ನಾಲಿಗೆಯ ‘ಬೇ’ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಅರ್ಧ ರೊಟ್ಟಿ ಹೊಟ್ಟೆಗಿಳಿದ ಮೇಲೆ ಮಾತು ಬಂತು.

“ಊರಾಗ ನಾವು ಗೆಳತ್ಯಾರೆಲ್ಲ ಕೂಡೇ ಬುತ್ತಿ ಬಿಚ್ಚತಿದ್ವಿರಿ. ಈಗ ಒಬ್ಬಾಕಿ ಒಂದ್ ಕಡೆ ಹೋದ್ಲು. ಇಲ್ಲಿ ನನ್ನ ಯಾರೂ ಕರಿಯಂಗಿಲ್ಲ. ಕರೀದ ಹೆಂಗ ಹೋಗಿ ಕುಂಡ್ರೂದ್ರಿ?”

ನನಗೂ ಮನೆ ನೆನಪಾಗಿ ತುತ್ತು ಇಳಿಯುವುದಿಲ್ಲ ಎಂದೆ, ಸಮಾಧಾನಕ್ಕೆ.

“ನಿಮ್ಮೂರು ಐತಲ್ರಿ ಮೇಡಂ, ಇನ್ನೂ?” ಎಂದಳು.

ಉಳಿದರ್ಧ ರೊಟ್ಟಿಯನ್ನು ಅವಳ ಕಡೆ ಸರಿಸಿದೆ.

ಅಂದಿನಿಂದ ಊಟದ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತೆರೆದೇ ಇರತೊಡಗಿತು. ಬೇರೆ ಹುಡುಗಿಯರ ಬುತ್ತಿಗಳೂ ಬಂದವು, ಅವರೇ ರೇಣುಕಾಳನ್ನು ಕರೆಯತೊಡಗಿದರು. ಅವಳು ಮತ್ತೆ ಬೀಳಲಿಲ್ಲ. ಅಪ್ಪ ಕರೆದೊಯ್ಯುವ ಮಾತು ಬಿಟ್ಟರು. ಮುಧೋಳದ ಮುಂದಿನ ತರಬೇತಿಯಲ್ಲಿ, ವಿದ್ಯಾರ್ಥಿ ಬಂದಾಗ ಮೊದಲು ಏನು ಮಾಡಬೇಕು ಎಂದು ಕೇಳಿದರು. “ಬುತ್ತಿ ಬಿಚ್ಚಬೇಕು” ಎಂದೆ. ಎಲ್ಲರೂ ನಕ್ಕರು. ಗುಟ್ಟಿನ ಮಾತಿಗೆ ಬಾಗಿಲು ಮುಚ್ಚಲೇಬೇಕು, ಒಪ್ಪಿದೆ. ಆದರೆ ಮೊದಲು ತುತ್ತು.

ದೀಪಾವಳಿ ರಜೆಯಲ್ಲಿ ರೇಣುಕಾ ನನ್ನನ್ನು ಹಿನ್ನೀರಿನ ದಂಡೆಗೆ ಕರೆದೊಯ್ದಳು. “ಅಗಾ ಅಲ್ಲಿ, ನಮ್ಮ ಅಡಗಿಮನಿ” ಎಂದು ಕೈ ತೋರಿಸಿದಳು. ಕಂಡದ್ದು ಬರೀ ನೀರು. ಕುಂದಾಪುರದಲ್ಲಿ ನಮ್ಮ ಮನೆ ನಿಂತಲ್ಲೇ ಇದೆ, ಒಲೆಯ ಮೇಲೆ ಗಂಜಿ ಕುದಿಯುತ್ತಿರುತ್ತದೆ. ಅಲ್ಲಿ ಉಣ್ಣಲು ನನ್ನನ್ನು ಯಾರೂ ಕರೆಯಬೇಕಾಗಿಲ್ಲ.

ರೇಣುಕಾ ದಂಡೆಯ ಮೇಲೆ ಅರಿವೆ ಹಾಸಿ ಬುತ್ತಿ ಬಿಚ್ಚಿದಳು. “ಬರ್ರಿ ಮೇಡಂ,” ಎಂದಳು, “ನಮ್ಮನ್ಯಾಗ ಉಣ್ಣೋಣು.”

ಅರಿವೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.